ಹಳೆಯ ಚೀಟಿಯ ಮಾತ್ರೆಗಳು: ಬೊಜ್ಜಿನ ಔಷಧ ಚಿಕಿತ್ಸೆಯ ಒಂದು ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಲಾಗಿದೆ. ಯಾವ ಔಷಧ ಯಾವಾಗ ಬಂತು, ಯಾವಾಗ ಹೋಯಿತು, ಎಲ್ಲಿ ಎಡವಟ್ಟಾಯಿತು ಎಂಬುದೇ ಇಲ್ಲಿನ ವಿಷಯ.

ಹಿನ್ನೆಲೆ

46 ವರ್ಷದ ಮಹಿಳೆ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಮೊದಲ ಭೇಟಿಯಲ್ಲಿ ತೂಕ 98 ಕೆಜಿ, ಎತ್ತರ 158 ಸೆಂ.ಮೀ., ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 39.3, ಸೊಂಟದ ಸುತ್ತಳತೆ 114 ಸೆಂ.ಮೀ. ಆರು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ರಕ್ತದೊತ್ತಡ, ಅವೆರಡಕ್ಕೂ ಹಿಂದಿನಿಂದ ಮೈಗ್ರೇನ್. ಮಂಡಿ ನೋವು, ಜೋರು ಗೊರಕೆ, ಹಗಲು ತೂಕಡಿಕೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.4, ಬಿ.ಪಿ. 146/92.

ಊಟ ಕಟ್ಟುನಿಟ್ಟು ಮಾಡಿ ಹಿಂದೊಮ್ಮೆ 8 ಕೆಜಿ, ಇನ್ನೊಮ್ಮೆ 7 ಕೆಜಿ ಇಳಿಸಿದ್ದರು. ಎರಡು ಸಲವೂ ಒಂದೂವರೆ ವರ್ಷದೊಳಗೆ ಇಳಿದದ್ದೆಲ್ಲ ವಾಪಸು ಬಂತು, ಮೇಲೆ ಒಂದೆರಡು ಕೆಜಿ ಬಡ್ಡಿ ಬೇರೆ. ಇದು ಹಠ ಕಡಿಮೆಯಾಗಿ ಆದದ್ದಲ್ಲ. ತೂಕ ಇಳಿದಾಗ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ತಗ್ಗುತ್ತದೆ, ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ದೇಹ ಸುಡುವ ಶಕ್ತಿ ತೂಕದ ಲೆಕ್ಕಕ್ಕಿಂತಲೂ ಹೆಚ್ಚು ಕುಸಿಯುತ್ತದೆ. 1994ರಲ್ಲಿ ಲೆಪ್ಟಿನ್ ಪತ್ತೆಯಾದ ಮೇಲೆ ಬೊಜ್ಜನ್ನು ಕೇವಲ ಬಾಯಿಚಪಲ ಎಂದು ತಳ್ಳಿಹಾಕಲು ವೈದ್ಯಶಾಸ್ತ್ರಕ್ಕೆ ನೆಪ ಉಳಿಯಲಿಲ್ಲ. ಆದರೂ ಮಾತು ಮಾತ್ರ ಅದೇ ನಡೆಯುತ್ತಿದೆ.

ಆಕೆ ಬಂದದ್ದು ಒಂದೇ ಕೋರಿಕೆ ಹಿಡಿದು: "ವಾರಕ್ಕೊಮ್ಮೆ ಚುಚ್ಚಿಕೊಳ್ಳೋ ಆ ಇಂಜೆಕ್ಷನ್ ಬರೆದುಕೊಡಿ ಡಾಕ್ಟ್ರೇ. ಇನ್ನು ನನ್ನ ಕೈಲಿ ಆಗಲ್ಲ."

ಕೋರಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಬಿಎಂಐ 30 ದಾಟಿದ್ದರೆ, ಅಥವಾ 27 ದಾಟಿ ಜೊತೆಗೆ ಸಕ್ಕರೆ, ಬಿ.ಪಿ.ಯಂಥ ಕಾಯಿಲೆ ಇದ್ದರೆ ತೂಕದ ಔಷಧ ಪರಿಗಣಿಸಬಹುದು ಎಂಬುದು ಸಾಮಾನ್ಯ ಮಾನದಂಡ. ಕಡಿಮೆ ಬಿಎಂಐಗೇ ಕಾಯಿಲೆಗಳು ಅಂಟಿಕೊಳ್ಳುವ ಜನಸಮೂಹಗಳಲ್ಲಿ ಈ ಗೆರೆ ಇನ್ನೂ ಕೆಳಗಿದೆ. ಯಾವ ಲೆಕ್ಕದಲ್ಲೂ ಆಕೆ ಅರ್ಹರೇ. ಆದರೂ ಮೊದಲ ದಿನ ಇಂಜೆಕ್ಷನ್ ಬರೆಯಲಿಲ್ಲ. ಕಾರಣ ಆಕೆಯ ಚೀಲದಲ್ಲಿತ್ತು.

ಚೀಲದೊಳಗಿನ ಪಟ್ಟಿ

ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ಬರೆದುಕೊಂಡಾಗ ಸಿಕ್ಕ ಪಟ್ಟಿ ಇದು: ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ದಿನಕ್ಕೆರಡು, ಗ್ಲಿಮೆಪಿರೈಡ್ 2 ಮಿ.ಗ್ರಾಂ, ಪಯೋಗ್ಲಿಟಝೋನ್ 15 ಮಿ.ಗ್ರಾಂ, ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಾಝೈಡ್ 12.5 ಸೇರಿದ ಒಂದು ಮಾತ್ರೆ, ಮೈಗ್ರೇನ್‌ಗೆ ಪ್ರೊಪ್ರನಲಾಲ್ 40 ಮಿ.ಗ್ರಾಂ ದಿನಕ್ಕೆರಡು, ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ.

ಒಟ್ಟು ಏಳು ಔಷಧ. ಅವುಗಳಲ್ಲಿ ನಾಲ್ಕು ತೂಕ ಏರಿಸುವಂಥವು.

ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತದೆ. ಶುಗರ್ ಇಳಿದು ಕೈ ನಡುಗೀತೆಂಬ ಭಯಕ್ಕೆ ಆಕೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಬಿಸ್ಕೆಟ್ ತಿನ್ನುತ್ತಿದ್ದರು. ಆ ಬಿಸ್ಕೆಟ್ ಹಸಿವಿನದ್ದಲ್ಲ, ಮಾತ್ರೆಯದ್ದು. ಪಯೋಗ್ಲಿಟಝೋನ್ ಹೊಸ ಕೊಬ್ಬಿನ ಕೋಶಗಳನ್ನು ಬೆಳೆಸುತ್ತದೆ, ಉಪ್ಪುನೀರನ್ನೂ ದೇಹದಲ್ಲಿ ಹಿಡಿದಿಡುತ್ತದೆ. ಅಮಿಟ್ರಿಪ್ಟಿಲಿನ್ ಹಿಸ್ಟಮಿನ್ ಗ್ರಾಹಕಗಳನ್ನು ತಡೆದು ಹಸಿವನ್ನೂ ಸಿಹಿಯ ಆಸೆಯನ್ನೂ ಕೆರಳಿಸುತ್ತದೆ. ಪ್ರೊಪ್ರನಲಾಲ್ ಹೃದಯದ ವೇಗ ಕಟ್ಟಿಹಾಕುವುದರಿಂದ ಮೆಟ್ಟಿಲು ಹತ್ತಿದರೆ ಬೇಗ ದಣಿವು.

ಒಂದು ಗ್ರಾಫ್ ಹಾಳೆಯ ಮೇಲೆ ಆರು ವರ್ಷದ ತೂಕಗಳನ್ನು ಚುಕ್ಕಿಯಿಟ್ಟು, ಪ್ರತಿ ಮಾತ್ರೆ ಶುರುವಾದ ತಿಂಗಳಲ್ಲಿ ಕೆಂಪು ಗೆರೆ ಎಳೆಯಲಾಯಿತು. 79 ಕೆಜಿಯಿಂದ ಶುರುವಾದ ಗೆರೆ ಮೂರು ಕಡೆ ಮೆಟ್ಟಿಲಿನಂತೆ ಏರಿತ್ತು: ಗ್ಲಿಮೆಪಿರೈಡ್ ಬಂದ ವರ್ಷ, ಅಮಿಟ್ರಿಪ್ಟಿಲಿನ್ ಬಂದ ಆರು ತಿಂಗಳು, ಪಯೋಗ್ಲಿಟಝೋನ್ ಸೇರಿದ ಮೇಲೆ. ಇಂಥ ಹಾಳೆ ಏನನ್ನೂ ಸಾಬೀತು ಮಾಡುವುದಿಲ್ಲ. ಆ ವರ್ಷಗಳಲ್ಲಿ ಕೆಲಸ ಬದಲಾಗಿತ್ತು, ನಿದ್ದೆ ಕೆಟ್ಟಿತ್ತು. ಆದರೆ ಮೊದಲು ಎಲ್ಲಿ ಕೈಹಾಕಬೇಕು ಎಂಬುದನ್ನು ತೋರಿಸಿಕೊಟ್ಟಿತು.

ಮಾತ್ರೆ ಬರೆದವರನ್ನು ದೂರುವಂತೆಯೂ ಇರಲಿಲ್ಲ. ಸಕ್ಕರೆಗೆ ಒಬ್ಬರು, ತಲೆನೋವಿಗೆ ಇನ್ನೊಬ್ಬರು, ಬಿ.ಪಿ.ಗೆ ಮತ್ತೊಬ್ಬರು. ಅವರವರ ಕಾಯಿಲೆಗೆ ಅವರವರ ಮಾತ್ರೆ ಸರಿಯೇ. ಪಯೋಗ್ಲಿಟಝೋನ್‌ಗಂತೂ ಕೊಬ್ಬಿನ ಲಿವರ್‌ನಲ್ಲಿ ಒಳ್ಳೆಯ ಗುಣವೂ ಇದೆ. ಪೂರ್ತಿ ಪಟ್ಟಿಯನ್ನು ತೂಕದ ಕಣ್ಣಿನಿಂದ ಓದಿದವರು ಇರಲಿಲ್ಲ, ಅಷ್ಟೆ.

ಇಂಜೆಕ್ಷನ್‌ಗೆ ಮುಂಚಿನ 14 ವಾರ

ಪಟ್ಟಿ ಬದಲಿಸಿದ್ದು ಒಂದೇ ಏಟಿಗಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮೊದಲು ಪಯೋಗ್ಲಿಟಝೋನ್ ನಿಲ್ಲಿಸಿ ಎಂಪಾಗ್ಲಿಫ್ಲೋಝಿನ್ 10 ಮಿ.ಗ್ರಾಂ ಶುರು. ಇದು ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆ, ತೂಕವನ್ನೂ ಒಂದೆರಡು ಕೆಜಿ ಇಳಿಸುತ್ತದೆ. ಎರಡನೆಯದಾಗಿ ಟೆಲ್ಮಿಸಾರ್ಟನ್ ಜಾಗಕ್ಕೆ ಕ್ಯಾಂಡೆಸಾರ್ಟನ್, 8 ಮಿ.ಗ್ರಾಂನಿಂದ 16ಕ್ಕೆ, ಅದರ ಜೊತೆಗಿದ್ದ ಮೂತ್ರವರ್ಧಕ ಥಯಾಝೈಡ್ ಬೇರೆ ಮಾತ್ರೆಯಾಗಿ ಮುಂದುವರಿಯಿತು. ಕ್ಯಾಂಡೆಸಾರ್ಟನ್ ಅದೇ ಗುಂಪಿನ ಬಿ.ಪಿ. ಮಾತ್ರೆ, ಮೈಗ್ರೇನ್ ತಡೆಯಲೂ ಬಳಕೆಯಲ್ಲಿದೆ. ಹೀಗಾಗಿ ಒಂದೇ ಮಾತ್ರೆ ಎರಡು ಕೆಲಸ ಹೊತ್ತುಕೊಂಡಿತು, ತಲೆನೋವಿನ ಎರಡು ಮಾತ್ರೆ ಇಳಿಸಲು ದಾರಿಯಾಯಿತು. ಅಮಿಟ್ರಿಪ್ಟಿಲಿನ್ ನಾಲ್ಕು ವಾರದಲ್ಲಿ 25ರಿಂದ 10, ಆಮೇಲೆ ಬಂದ್. ಪ್ರೊಪ್ರನಲಾಲ್ ಮೂರು ವಾರದಲ್ಲಿ ಹಂತಹಂತವಾಗಿ ಇಳಿಯಿತು. ಇಂಥ ಬೀಟಾ ಬ್ಲಾಕರ್‌ಗಳನ್ನು ದಿಢೀರನೆ ನಿಲ್ಲಿಸಿದರೆ ಹೃದಯ ಬಡಿತವೂ ಬಿ.ಪಿ.ಯೂ ಚಿಮ್ಮುತ್ತವೆ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ತಲೆನೋವಿನ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸುತ್ತ ಹೋದರು: ತಿಂಗಳಿಗೆ 5 ಇದ್ದದ್ದು ಬದಲಾವಣೆಯ ತಿಂಗಳಲ್ಲಿ 7ಕ್ಕೆ ಏರಿ, ಆಮೇಲೆ 4ಕ್ಕೆ ನಿಂತಿತು. ಆ ಏಳರ ತಿಂಗಳಲ್ಲಿ ಹಳೆಯ ಮಾತ್ರೆಗೇ ಮರಳುವ ಒತ್ತಡ ಇತ್ತು. ಏರಬಹುದೆಂದು ಮುಂಚೆಯೇ ಹೇಳಿದ್ದರಿಂದ ಆಕೆ ತಡೆದುಕೊಂಡರು.

ಇದೇ ಅವಧಿಯಲ್ಲಿ ಪರೀಕ್ಷೆಗಳೂ ಮುಗಿದವು. ಥೈರಾಯ್ಡ್ ಸರಿಯಿತ್ತು, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.8. ನಿದ್ರೆಯ ಪರೀಕ್ಷೆಯಲ್ಲಿ ಉಸಿರು ಗಂಟೆಗೆ 34 ಸಲ ಕಡಿಯುತ್ತಿತ್ತು. 30 ದಾಟಿದರೆ ತೀವ್ರ ಎಂದೇ ಲೆಕ್ಕ, ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಶುರುವಾಯಿತು. ಕಣ್ಣಿನ ಪರದೆಯಲ್ಲಿ ಸಕ್ಕರೆಯ ಆರಂಭದ ಗುರುತುಗಳಿದ್ದವು. ತೂಕಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ಆಕೆ ಕೇಳಿದರು. ಬಹುಕಾಲ ಮೇಲಿದ್ದ ಶುಗರ್ ಬೇಗ ಇಳಿದಾಗ ರೆಟಿನಾದ ತೊಂದರೆ ಕೆಲಕಾಲ ಹದಗೆಡಬಹುದು. ಆಕೆ ಕೇಳಿದ್ದ ವಾರದ ಇಂಜೆಕ್ಷನ್ ಸೆಮಾಗ್ಲುಟೈಡ್ ಕುರಿತ 2016ರ ಸಸ್ಟೇನ್-6 ಅಧ್ಯಯನದಲ್ಲಿ ಇಂಥ ತೊಂದರೆ ಔಷಧ ಪಡೆದವರಲ್ಲಿ ಶೇ. 3.0, ಪಡೆಯದವರಲ್ಲಿ ಶೇ. 1.8 ಇತ್ತು. ಹಾಗಾಗಿ ಕಣ್ಣು ನೋಡದೆ ಹೆಜ್ಜೆ ಇಡಬಾರದು. ನೋಡಿದ ಮೇಲೂ ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

ಕೇಳಲೇಬೇಕಾದ ಪ್ರಶ್ನೆಗಳು ಇನ್ನೂ ಇದ್ದವು. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದೆಯೇ? ಹಿಂದೆ ಪ್ಯಾಂಕ್ರಿಯಾಸ್ ಊತ, ಪಿತ್ತಕೋಶದ ಕಲ್ಲು ಆಗಿತ್ತೇ? ಗರ್ಭ ಧರಿಸುವ ಯೋಚನೆ ಇದೆಯೇ? (ಇದ್ದರೆ ಸೆಮಾಗ್ಲುಟೈಡ್ ಕನಿಷ್ಠ ಎರಡು ತಿಂಗಳ ಮುಂಚೆ ನಿಲ್ಲಿಸಬೇಕು, ಕ್ಯಾಂಡೆಸಾರ್ಟನ್ ಕೂಡ ಸಲ್ಲದು.) ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ, ಖಿನ್ನತೆ? ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂತು.

14ನೇ ವಾರಕ್ಕೆ ತೂಕ 93.8 ಕೆಜಿ. ಅಂದರೆ ತೂಕದ ಔಷಧದ ಒಂದು ಹನಿಯೂ ದೇಹಕ್ಕೆ ಹೋಗುವ ಮೊದಲೇ ಶೇ. 4ಕ್ಕಿಂತ ಹೆಚ್ಚು ಇಳಿದಿತ್ತು. ಎಚ್‌ಬಿಎ1ಸಿ 7.9.

ಯಾವ ಔಷಧ, ಏಕೆ

ತೂಕದ ಔಷಧಗಳ ಚರಿತ್ರೆ ಅಷ್ಟು ಶುಭ್ರವಾದುದಲ್ಲ. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸಿ 1997ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಹೃದಯಾಘಾತ, ಪಾರ್ಶ್ವವಾಯುಗಳ ಕಾರಣಕ್ಕೆ ಸಿಬುಟ್ರಮಿನ್ 2010ರಲ್ಲಿ ಹೋಯಿತು. ಈ ಗುಂಪಿನ ಹೊಸ ಹೆಸರು ಕೇಳಿದರೆ ಹಳೆಯ ವೈದ್ಯರು ಹುಬ್ಬೇರಿಸುವುದು ಸುಮ್ಮನೆ ಅಲ್ಲ.

ಆಕೆಯ ಮುಂದೆ ಆಯ್ಕೆಗಳನ್ನು ಹರಡಲಾಯಿತು. ಆರ್ಲಿಸ್ಟಾಟ್ 120 ಮಿ.ಗ್ರಾಂ ಊಟದ ಜೊತೆ ದಿನಕ್ಕೆ ಮೂರು: ತಿಂದ ಕೊಬ್ಬಿನಲ್ಲಿ ಸುಮಾರು ಶೇ. 30ರಷ್ಟನ್ನು ಕರುಳು ಹೀರದಂತೆ ತಡೆಯುತ್ತದೆ. ಇಳಿಕೆ ಸಾಧಾರಣ, ಜಿಡ್ಡು ತಿಂದ ದಿನ ಎಣ್ಣೆಯಂಥ ಮಲದ ಮುಜುಗರ. ಫೆಂಟರ್ಮಿನ್ ಇರುವ ಮಾತ್ರೆ, ಬ್ಯುಪ್ರೊಪಿಯಾನ್ ಇರುವ ಮಾತ್ರೆ: ಎರಡೂ ಹೃದಯ ಬಡಿತವನ್ನೋ ಬಿ.ಪಿ.ಯನ್ನೋ ಏರಿಸಬಲ್ಲವು, ಬಿ.ಪಿ. ಇನ್ನೂ ಹಿಡಿತಕ್ಕೆ ಬಾರದವರಿಗೆ ಸೂಕ್ತವಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆ: ಬಿಎಂಐ 39 ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ನ್ಯಾಯವಾದ ಆಯ್ಕೆ, ಇಳಿಕೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅದನ್ನು ಮುಚ್ಚಿಡದೆ ಹೇಳಲಾಯಿತು, ಆಕೆ ಈಗ ಬೇಡ ಎಂದರು.

ಉಳಿದದ್ದು ಜಿಎಲ್‌ಪಿ-1 ಗುಂಪು. ಊಟವಾದಾಗ ಕರುಳು ಸ್ರವಿಸುವ ಈ ಹಾರ್ಮೋನ್ ರಕ್ತದಲ್ಲಿ ಬಾಳುವುದು ಕೆಲವೇ ನಿಮಿಷ. ಸೆಮಾಗ್ಲುಟೈಡ್ ಅದರ ತದ್ರೂಪು, ಅರ್ಧಾಯುಷ್ಯ ಸುಮಾರು ಒಂದು ವಾರ. ಮಿದುಳಿನ ಹಸಿವಿನ ಕೇಂದ್ರಗಳಿಗೆ "ಸಾಕು" ಎನ್ನುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. 1,961 ಜನರ ಸ್ಟೆಪ್-1 ಅಧ್ಯಯನದಲ್ಲಿ 68 ವಾರಕ್ಕೆ ತೂಕ ಸರಾಸರಿ ಶೇ. 14.9 ಇಳಿದಿತ್ತು, ಔಷಧವಿಲ್ಲದವರಲ್ಲಿ ಶೇ. 2.4. ಈ ಅಂಕಿ ಎಲ್ಲರ ಬಾಯಲ್ಲಿದೆ. ಆದರೆ ಅಲ್ಲಿದ್ದವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಇರುವವರ ಮೇಲೆ ನಡೆದ ಸ್ಟೆಪ್-2ರಲ್ಲಿ ಇಳಿಕೆ ಶೇ. 9.6 ಮಾತ್ರ. ಆಕೆಗೆ ಹೇಳಿದ್ದು ಈ ಎರಡನೆಯ ಅಂಕಿ. ಹದಿನೈದು ಹೇಳಿ ಹತ್ತು ಬಂದರೆ ಸೋಲು ಅನಿಸುತ್ತದೆ, ಹತ್ತು ಹೇಳಿ ಹನ್ನೊಂದು ಬಂದರೆ ಹುಮ್ಮಸ್ಸು.

ಗುರಿಯನ್ನೂ ಕೆಜಿಯಲ್ಲಿ ಬರೆಯಲಿಲ್ಲ. ನಿದ್ರೆಯ ಉಸಿರುಕಡಿತ ಅರ್ಧಕ್ಕಿಂತ ಕೆಳಗೆ, ಎಚ್‌ಬಿಎ1ಸಿ 6.5ರ ಆಸುಪಾಸು, ಮೆಟ್ಟಿಲು ಹತ್ತಲು ಮಂಡಿ ಸಹಕರಿಸುವುದು: ಈ ಮೂರು.

ಸೂಜಿ ಹಿಡಿದ ಮೇಲೆ

ಏಣಿ ಹೀಗೆ: ವಾರಕ್ಕೊಮ್ಮೆ 0.25 ಮಿ.ಗ್ರಾಂ ನಾಲ್ಕು ವಾರ, ಆಮೇಲೆ ನಾಲ್ಕು ನಾಲ್ಕು ವಾರ 0.5, 1.0, 1.7, ಕೊನೆಗೆ 2.4. ಮೊದಲ ಮೆಟ್ಟಿಲು ತೂಕ ಇಳಿಸಲು ಅಲ್ಲ, ಹೊಟ್ಟೆಯನ್ನು ಒಗ್ಗಿಸಲು. ನಾಲ್ಕು ವಾರವೇ ಏಕೆ? ಒಂದು ಡೋಸ್ ರಕ್ತದಲ್ಲಿ ಪೂರ್ತಿ ಮಟ್ಟ ತಲುಪಲು ನಾಲ್ಕೈದು ವಾರ ಹಿಡಿಯುತ್ತದೆ. ಈ ಮಾತು ಮುಂದೆ ದುಬಾರಿಯಾಗಿ ನೆನಪಾಗುತ್ತದೆ.

ಮೊದಲ ಮೂರು ವಾರ ಏನೂ ಆಗಲಿಲ್ಲ ಎಂದರು. ಹೇಗೆ ಚುಚ್ಚುತ್ತೀರಿ ತೋರಿಸಿ ಎಂದಾಗ ವಿಷಯ ಗೊತ್ತಾಯಿತು. ಹೊಕ್ಕುಳಿನ ಪಕ್ಕ ಸರಿಯಾಗಿಯೇ ಚುಚ್ಚಿದರು, ಗುಂಡಿ ಒತ್ತಿದರು, ಕಿಟಕಿಯಲ್ಲಿ ಸೊನ್ನೆ ಬಂದದ್ದೇ ತಡ ಸೂಜಿ ಎಳೆದರು. ಚರ್ಮದ ಮೇಲೆ ಒಂದು ಹನಿ ಹೊಳೆಯುತ್ತ ಕೂತಿತ್ತು. 0.25 ಮಿ.ಗ್ರಾಂನ ಪುಟ್ಟ ಡೋಸ್‌ನಲ್ಲಿ ಆ ಹನಿ ಸಣ್ಣ ನಷ್ಟವಲ್ಲ. ಸೊನ್ನೆ ಬಂದ ಮೇಲೆ ಗುಂಡಿ ಒತ್ತಿಹಿಡಿದೇ ನಿಧಾನವಾಗಿ ಆರರವರೆಗೆ ಎಣಿಸಿ ಆಮೇಲೆ ಸೂಜಿ ತೆಗೆಯಬೇಕು. ಪ್ರತಿ ಸಲ ಹೊಸ ಸೂಜಿ. ಹಳೆಯದನ್ನು ಪೆನ್ನಿಗೆ ಹಚ್ಚಿಯೇ ಇಟ್ಟರೆ ಔಷಧ ಸೋರುತ್ತದೆ, ಗಾಳಿ ಸೇರುತ್ತದೆ. ಬಳಸದ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್‌ನ ಹಿಂಗೋಡೆಗೆ ಒತ್ತಿಟ್ಟು ಹೆಪ್ಪುಗಟ್ಟಿದರೆ ಎಸೆಯುವುದೇ.

*ಇಂಜೆಕ್ಷನ್ ಶುರುವಾದ ಏಳನೇ ವಾರ.* 0.5 ಮಿ.ಗ್ರಾಂಗೆ ಬಂದಿದ್ದರು. ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟಿದ್ದರು, ನಾಲ್ಕು ಗಂಟೆಗೆ ಕೈ ನಡುಕ, ಎದೆ ಬಡಿತ, ಬೆವರು. ಗ್ಲುಕೋಮೀಟರ್‌ನಲ್ಲಿ 58. ಹದಿನೈದು ಗ್ರಾಂ ಗ್ಲುಕೋಸ್ ತೆಗೆದುಕೊಂಡು ಹದಿನೈದು ನಿಮಿಷಕ್ಕೆ ಮತ್ತೆ ನೋಡಿದಾಗ 84.

ಇಂಜೆಕ್ಷನ್ ಶುರುವಾದ ದಿನ ಗ್ಲಿಮೆಪಿರೈಡ್ 1 ಮಿ.ಗ್ರಾಂಗೆ ಇಳಿಯಬೇಕು, 0.5ರ ಮೆಟ್ಟಿಲಿಗೆ ಪೂರ್ತಿ ನಿಲ್ಲಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಮನೆಯಲ್ಲಿ ಮಾತ್ರ ಹಳೆಯ ಚೀಟಿಯಲ್ಲಿ ಮೂರು ತಿಂಗಳಿಗೆಂದು ತಂದಿಟ್ಟ 2 ಮಿ.ಗ್ರಾಂ ಸ್ಟ್ರಿಪ್‌ಗಳಿದ್ದವು. ಬೆಳಗಿನ ಮಾತ್ರೆ ಡಬ್ಬಿಗೆ ತುಂಬುತ್ತಿದ್ದವರು ಮನೆಯವರು, ಹೊಸ ಚೀಟಿ ಇದ್ದದ್ದು ಆಕೆಯ ಕೈಚೀಲದಲ್ಲಿ. ಜಿಎಲ್‌ಪಿ-1 ಔಷಧ ಒಂಟಿಯಾಗಿ ಶುಗರ್ ಅಪಾಯಕ್ಕೆ ಇಳಿಸುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಸಲ್ಫೊನಿಲ್‌ಯೂರಿಯಾ ಅಥವಾ ಇನ್ಸುಲಿನ್ ಜೊತೆಗಿದ್ದರೆ ಮಾತು ಬೇರೆ.

ಇಲ್ಲಿ ಅದೃಷ್ಟವೂ ಸ್ವಲ್ಪ ಕೈಹಿಡಿಯಿತು. ಪ್ರೊಪ್ರನಲಾಲ್ ಇನ್ನೂ ಪಟ್ಟಿಯಲ್ಲಿದ್ದಿದ್ದರೆ ನಡುಕವೂ ಎದೆ ಬಡಿತವೂ ಅಡಗಿಬಿಡುತ್ತಿದ್ದವು, ಉಳಿಯುತ್ತಿದ್ದದ್ದು ಬೆವರು ಮಾತ್ರ. ಸೆಕೆ ಎಂದುಕೊಂಡು ಕೂತುಬಿಡುವ ಸಾಧ್ಯತೆ ಇತ್ತು. ಅದನ್ನು ಮೊದಲೇ ಇಳಿಸಿದ್ದು ತೂಕಕ್ಕೆಂದು. ಲಾಭ ಸಿಕ್ಕಿದ್ದು ಇಲ್ಲಿ.

*ಹದಿಮೂರು, ಹದಿನಾಲ್ಕನೇ ವಾರ.* ಇದು ಇಡೀ ಪ್ರಕರಣದ ಕೆಟ್ಟ ಘಟ್ಟ. ತಪ್ಪಾದದ್ದು ಚಿಕಿತ್ಸೆ ಕೊಟ್ಟವರ ಕಡೆಯಿಂದಲೇ.

1.0 ಮಿ.ಗ್ರಾಂನ ನಾಲ್ಕನೇ ವಾರಕ್ಕೆ ಆಕೆಗೆ ದಿನಾ ಬೆಳಿಗ್ಗೆ ಹೊಟ್ಟೆ ತೊಳಸುತ್ತಿತ್ತು, ವಾರಕ್ಕೊಮ್ಮೆಯಾದರೂ ವಾಂತಿ. ತೂಕ 89.9ಕ್ಕೆ ಬಂದಿದ್ದರಿಂದ ಆಕೆ ಅದನ್ನು ದೊಡ್ಡದು ಮಾಡಲಿಲ್ಲ. ಏಣಿಯಲ್ಲಿ ನಾಲ್ಕು ವಾರ ಮುಗಿದಿತ್ತು, ಡೋಸ್ 1.7ಕ್ಕೆ ಏರಿತು. ಎರಡನೇ ಚುಚ್ಚಿನ ಮಾರನೇ ದಿನದಿಂದ ಎರಡು ದಿನ ನೀರೂ ನಿಲ್ಲಲಿಲ್ಲ. ಎದ್ದರೆ ತಲೆಸುತ್ತು, ಬಿ.ಪಿ. 96/60, ಕ್ರಿಯಾಟಿನಿನ್ 1.6.

ವಾಂತಿಯೊಂದೇ ಕಿಡ್ನಿಗೆ ಇಷ್ಟು ಪೆಟ್ಟು ಕೊಡಲಿಲ್ಲ. ನೀರು ಹೊರಹಾಕುವ ಥಯಾಝೈಡ್, ಅದರ ಮೇಲೆ ಎಂಪಾಗ್ಲಿಫ್ಲೋಝಿನ್, ಕಿಡ್ನಿಯೊಳಗಿನ ಒತ್ತಡ ಇಳಿಸುವ ಕ್ಯಾಂಡೆಸಾರ್ಟನ್, ಮೇಲಿಂದ ವಾಂತಿ. ನಾಲ್ಕೂ ಸೇರಿದವು. 98 ಕೆಜಿಗೆ ಬರೆದ ಬಿ.ಪಿ. ಮಾತ್ರೆಗಳನ್ನೇ 90 ಕೆಜಿಯ ದೇಹ ನುಂಗುತ್ತಿತ್ತು. ಹಿಂದಿನ ಭೇಟಿಯಲ್ಲಿ ಬಿ.ಪಿ. 112/70 ಎಂದು ದಾಖಲಾಗಿದ್ದಾಗಲೇ ಥಯಾಝೈಡ್ ಹೋಗಬೇಕಿತ್ತು. ಒಳ್ಳೆಯ ಅಂಕಿ ಎಂದು ಎಲ್ಲರೂ ಮೆಚ್ಚಿ ಮುಂದೆ ಹೋಗಿದ್ದರು.

ರಕ್ತನಾಳದ ಮೂಲಕ ದ್ರವ ಕೊಟ್ಟು, ರಕ್ತದ ಕೀಟೋನ್ ನೋಡಲಾಯಿತು. ಎಂಪಾಗ್ಲಿಫ್ಲೋಝಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಶುಗರ್ ಹೆಚ್ಚಿಲ್ಲದೆಯೂ ಕೀಟೋನ್ ತುಂಬಿ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್ ಆಗಬಹುದು. ಶುಗರ್ 140 ಇದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಕೀಟೋನ್ ಹೆಚ್ಚಿರಲಿಲ್ಲ. ಹೊಟ್ಟೆ ನೋವು ಬೆನ್ನಿಗೆ ಹರಿಯುತ್ತಿರಲಿಲ್ಲ, ಪ್ಯಾಂಕ್ರಿಯಾಸ್ ಊತದಲ್ಲಿ ಏರುವ ಲೈಪೇಸ್ ಸಾಮಾನ್ಯವಿತ್ತು, ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ. ಥಯಾಝೈಡ್ ಶಾಶ್ವತವಾಗಿ ಬಂದ್. ಮೆಟ್‌ಫಾರ್ಮಿನ್, ಎಂಪಾಗ್ಲಿಫ್ಲೋಝಿನ್, ಕ್ಯಾಂಡೆಸಾರ್ಟನ್ ತಾತ್ಕಾಲಿಕ ನಿಲುಗಡೆ. ಹತ್ತು ದಿನಕ್ಕೆ ಕ್ರಿಯಾಟಿನಿನ್ 0.9ಕ್ಕೆ ಬಂದ ಮೇಲೆ ಒಂದೊಂದಾಗಿ ಮರಳಿದವು, ಕ್ಯಾಂಡೆಸಾರ್ಟನ್ ಅರ್ಧ ಡೋಸ್‌ಗೆ.

ಸೆಮಾಗ್ಲುಟೈಡ್ ಏನು ಮಾಡುವುದು? ಆಕೆಯ ಮನೆಯವರು "ಇನ್ನು ಅದರ ಸಹವಾಸ ಬೇಡ" ಎಂದರು. ಆಕೆಗೆ ಬೇಕಿತ್ತು. ಒಂದು ವಾರದ ಡೋಸ್ ಬಿಟ್ಟು 1.0ಕ್ಕೆ ಇಳಿದು, ಅಲ್ಲೇ 12 ವಾರ ನಿಲ್ಲುವುದೆಂದು ತೀರ್ಮಾನವಾಯಿತು. ತೊಳಸು ಪೂರ್ತಿ ಹೋಗಿ ಎರಡು ವಾರ ಕಳೆಯುವವರೆಗೆ ಏರಿಕೆ ಇಲ್ಲ ಎಂಬ ಷರತ್ತು ಸೇರಿತು. ಏಣಿಯಲ್ಲಿ ನಾಲ್ಕು ವಾರ ಎಂದಿರುವುದು ಕನಿಷ್ಠ ಅವಧಿ. ಅದನ್ನು ವೇಳಾಪಟ್ಟಿ ಎಂದು ಓದಿದ್ದೇ ಎಡವಟ್ಟಿನ ಬೇರು. ಡೋಸ್ ಇನ್ನೂ ಪೂರ್ತಿ ಮಟ್ಟ ತಲುಪುವ ಹೊತ್ತಿನಲ್ಲಿ, ಹೊಟ್ಟೆ ಆಗಲೇ ಬೇಡ ಎನ್ನುತ್ತಿದ್ದಾಗ, ಮೇಲೆ ಇನ್ನೊಂದು ಹೇರಲಾಗಿತ್ತು.

ಊಟದಲ್ಲೂ ತಿದ್ದುಪಡಿ. ತಟ್ಟೆ ಚಿಕ್ಕದು, ತುತ್ತು ನಿಧಾನ, ಹೊಟ್ಟೆ ತುಂಬಿತು ಎನಿಸಿದ ತುತ್ತಿಗೇ ಕೈ ತೊಳೆಯುವುದು. ಮೊದಲು ತಟ್ಟೆ ಖಾಲಿ ಮಾಡದೆ ಏಳಬಾರದೆಂಬ ಅಭ್ಯಾಸಕ್ಕೆ ಕೊನೆಯ ನಾಲ್ಕು ತುತ್ತು ಬಲವಂತವಾಗಿ ಇಳಿಸುತ್ತಿದ್ದರು. ವಾಂತಿ ಬಹುಪಾಲು ಆ ನಾಲ್ಕು ತುತ್ತಿನದ್ದು. ಚುಚ್ಚಿನ ಮಾರನೇ ಎರಡು ದಿನ ಕರಿದದ್ದು ಬೇಡ. ಮಲಬದ್ಧತೆಗೆ ನಾರು ಮತ್ತು ನೀರು. ನೀರು ಹೆಚ್ಚಿಸದೆ ನಾರು ಮಾತ್ರ ಹೆಚ್ಚಿಸಿದರೆ ಇನ್ನೂ ಬಿಗಿಯುತ್ತದೆ.

28ನೇ ವಾರಕ್ಕೆ 86.7 ಕೆಜಿ. ಆಗ 1.7ಕ್ಕೆ ಏರಿದಾಗ ಹೊಟ್ಟೆ ತಕರಾರು ಮಾಡಲಿಲ್ಲ. 2.4ಕ್ಕೆ ಹೋಗಲೇ ಇಲ್ಲ, ಹೋಗಬೇಕಾದ ಅಗತ್ಯವೂ ಬರಲಿಲ್ಲ.

ಮಧ್ಯದಲ್ಲಿ ಇನ್ನೊಂದು ಅಂಕಿ ಎಚ್ಚರಿಸಿತು. ಕೈ ಊರದೆ ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂಬ ಸರಳ ಪರೀಕ್ಷೆಯಲ್ಲಿ ಆರಂಭದಲ್ಲಿ 11 ಇತ್ತು. 12 ಕೆಜಿ ಇಳಿದ ಮೇಲೆ ಅದು ಹೆಚ್ಚಬೇಕು, ಆದರೆ 10ಕ್ಕೆ ಇಳಿದಿತ್ತು. ಇಳಿದ ತೂಕದಲ್ಲಿ ಸ್ನಾಯುವಿನ ಪಾಲೂ ಇದೆ ಎಂದರ್ಥ. ಹಸಿವಿಲ್ಲದವರು ಮೊದಲು ಬಿಡುವುದು ಪ್ರೋಟೀನನ್ನೇ, ಅದು ಹೊಟ್ಟೆ ತುಂಬಿಸುವುದು ಬೇಗ. ದಿನಕ್ಕೆ ಸುಮಾರು 80 ಗ್ರಾಂ ಪ್ರೋಟೀನ್ ಮೂರು ಹೊತ್ತಿಗೆ ಹಂಚಿ, ತಟ್ಟೆಯಲ್ಲಿ ಅದನ್ನೇ ಮೊದಲು ತಿನ್ನುವುದು. ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ, ಅದೂ ಕುರ್ಚಿಯಿಂದ ಏಳುವುದರಿಂದಲೇ ಶುರು. ನಾಲ್ಕು ತಿಂಗಳಿಗೆ ಎಣಿಕೆ 14.

60ನೇ ವಾರ: ತೂಕ 82.6, ಮೊದಲ ದಿನಕ್ಕಿಂತ 15.4 ಕೆಜಿ ಕಡಿಮೆ. ಎಚ್‌ಬಿಎ1ಸಿ 6.3, ಬಿ.ಪಿ. 122/78, ಉಸಿರುಕಡಿತ ಗಂಟೆಗೆ 14. ಕಣ್ಣಿನ ಪರದೆ ಇದ್ದಂತೆಯೇ ಇತ್ತು. ಬಿಎಂಐ ಮಾತ್ರ 33.1, ಪುಸ್ತಕದ ಪ್ರಕಾರ ಈಗಲೂ ಬೊಜ್ಜು.

ನಿಲ್ಲಿಸಿದ್ದು

ಇದಾದ ಮೇಲೆ ಆಕೆ ಎರಡು ಭೇಟಿ ತಪ್ಪಿಸಿದರು. ಐದು ತಿಂಗಳ ಬಳಿಕ ಬಂದಾಗ ತೂಕ 89.4, ಎಚ್‌ಬಿಎ1ಸಿ 7.2. ಇಂಜೆಕ್ಷನ್ ತಾವೇ ನಿಲ್ಲಿಸಿದ್ದರು. "ಇಳಿಯೋದು ಇಳೀತು, ಇನ್ನು ನಾನೇ ಕಾಪಾಡ್ಕೊಂಡು ಹೋಗ್ತೀನಿ ಅಂದ್ಕೊಂಡೆ. ಮೂರನೇ ವಾರದಿಂದ ಊಟದ ಯೋಚನೆ ತಲೆಯಿಂದ ಇಳೀಲೇ ಇಲ್ಲ." ಬರಲು ನಾಚಿಕೆಯಾಗಿ ಇಷ್ಟು ತಡ ಮಾಡಿದ್ದರು.

ಮೂರನೇ ವಾರ ಎಂದದ್ದು ಸರಿಯಾದ ಲೆಕ್ಕ. ವಾರಕ್ಕೆ ಅರ್ಧದಂತೆ ಇಳಿದರೆ ಮೂರು ವಾರಕ್ಕೆ ರಕ್ತದಲ್ಲಿ ಉಳಿಯುವುದು ಎಂಟನೇ ಒಂದು ಪಾಲು. ಸ್ಟೆಪ್-1 ಮುಗಿದು ಔಷಧ ನಿಂತ ಮೇಲೆ ಒಂದು ವರ್ಷ ಹಿಂಬಾಲಿಸಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ಸ್ಟೆಪ್-4ರಲ್ಲಿ 20 ವಾರ ಔಷಧ ಪಡೆದವರನ್ನು ಎರಡು ಗುಂಪು ಮಾಡಿ 68ನೇ ವಾರದವರೆಗೆ ನೋಡಿದರು: ಮುಂದುವರಿಸಿದವರು ಇನ್ನೂ ಶೇ. 7.9 ಇಳಿದರು, ನಿಲ್ಲಿಸಿದವರು ಶೇ. 6.9 ಏರಿದರು. ಬಿ.ಪಿ. ಮಾತ್ರೆ ಬಿಟ್ಟು ಬಿ.ಪಿ. ಏರಿದರೆ ಯಾರೂ ನಾಚಿಕೊಳ್ಳುವುದಿಲ್ಲ.

ಈ ಪ್ರಕರಣದ ದೊಡ್ಡ ಕೊರತೆ ಇಲ್ಲಿದೆ. ಶುರು ಮಾಡುವ ಮುನ್ನ ಹದಿನಾಲ್ಕು ವಾರ ತಯಾರಿ ನಡೆದಿತ್ತು, ಎಷ್ಟು ಕಾಲ ಎಂಬ ಮಾತು ಮಾತ್ರ ಆಗಿರಲಿಲ್ಲ. ಗುರಿ ಮುಟ್ಟಿದರೆ ಔಷಧ ಮುಗಿಯಿತು ಎಂದು ಆಕೆ ತಿಳಿದದ್ದು ಸಹಜ. ಜ್ವರದ ಮಾತ್ರೆ ಹಾಗೇ ತಾನೇ.

ಮರಳಿ ಶುರು ಮಾಡುವಾಗ ಆಕೆ ಕೇಳಿದ್ದು ನೇರವಾಗಿ 1.7. ಮನೆಯ ಫ್ರಿಜ್‌ನಲ್ಲಿ ಉಳಿದ ಪೆನ್ನೂ ಇತ್ತು. ಒಪ್ಪಲಿಲ್ಲ. ಒಂದು ವಾರ ತಪ್ಪಿದ್ದರೆ, ಮುಂದಿನ ಡೋಸ್‌ಗೆ ಎರಡು ದಿನಕ್ಕಿಂತ ಹೆಚ್ಚು ಇದ್ದಾಗ ತಪ್ಪಿದ್ದನ್ನು ಹಾಕಿಕೊಳ್ಳಬಹುದು. ಇಲ್ಲದಿದ್ದರೆ ಬಿಟ್ಟು ಮಾಮೂಲಿ ದಿನಕ್ಕೆ ಹೋಗಬೇಕು. ಎರಡು ವಾರ ದಾಟಿದರೆ ಕೆಳಗಿನಿಂದ ಏರುವುದನ್ನು ಯೋಚಿಸಬೇಕು. ಐದು ತಿಂಗಳೆಂದರೆ ಹೊಟ್ಟೆಗೆ ಪರಿಚಯವೇ ಉಳಿದಿಲ್ಲ. ಮತ್ತೆ 0.25ರಿಂದಲೇ.

ವಾರಕ್ಕೊಮ್ಮೆಯ ಇನ್ನೊಂದು ಇಂಜೆಕ್ಷನ್ ಟಿರ್ಝೆಪಟೈಡ್‌ಗೆ ಬದಲಿಸುವ ಮಾತೂ ಬಂತು. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಎರಡನ್ನೂ ಮುಖಾಮುಖಿ ಹೋಲಿಸಿದ 2025ರ ಸರ್‌ಮೌಂಟ್-5ರಲ್ಲಿ 72 ವಾರಕ್ಕೆ ಇಳಿಕೆ ಟಿರ್ಝೆಪಟೈಡ್‌ನಲ್ಲಿ ಶೇ. 20.2, ಸೆಮಾಗ್ಲುಟೈಡ್‌ನಲ್ಲಿ ಶೇ. 13.7. ಆಕೆಗೆ ಇನ್ನಷ್ಟು ಇಳಿಯುವುದಕ್ಕಿಂತ ಇಳಿದದ್ದು ನಿಲ್ಲುವುದು ಮುಖ್ಯವಾಗಿತ್ತು. ಯಾವ ಮೆಟ್ಟಿಲಲ್ಲಿ ಹೊಟ್ಟೆ ಮುನಿಯುತ್ತದೆ ಎಂದು ಗೊತ್ತಿರುವ ಔಷಧಕ್ಕೇ ಮರಳಿದರು. ಒಂಬತ್ತು ತಿಂಗಳಿಗೆ 83.8 ಕೆಜಿ, ಎಚ್‌ಬಿಎ1ಸಿ 6.5.

ಬದಲಾದ ಕ್ರಮಗಳು

ಮೊದಲ ಭೇಟಿಯ ಹಾಳೆಯಲ್ಲಿ ಈಗ ತೂಕದ ಸಾಲಿಗಿಂತ ಮೇಲೆ ಮಾತ್ರೆಗಳ ಸಾಲಿದೆ, ಪ್ರತಿಯೊಂದರ ಮುಂದೆ ತೂಕ ಏರಿಸುತ್ತದೆಯೇ ಎಂಬ ಕಾಲಂ. ಓಲಂಝಪಿನ್, ಮಿರ್ಟಝಪಿನ್, ವಾಲ್‌ಪ್ರೊಯೇಟ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಸ್ಟೆರಾಯ್ಡ್, ಇನ್ಸುಲಿನ್ ಕೂಡ ಅದರಲ್ಲಿವೆ. ಇವನ್ನು ತೂಕದ ಹೆಸರಲ್ಲಿ ಯಾರೂ ತಾವಾಗಿ ನಿಲ್ಲಿಸಬಾರದು. ಮನೋರೋಗದ, ಮೂರ್ಛೆಯ ಔಷಧಗಳನ್ನಂತೂ ಬರೆದವರೇ ಬದಲಿಸಬೇಕು, ಕೆಲವೊಮ್ಮೆ ಬದಲಿಸುವಂತೆಯೇ ಇರುವುದಿಲ್ಲ.

ಡೋಸ್ ಏರುವ ಪ್ರತಿ ಭೇಟಿಯಲ್ಲಿ ಇಳಿಸಬೇಕಾದದ್ದೇನು ಎಂಬ ಪ್ರಶ್ನೆ ಕಡ್ಡಾಯ. ಬಿ.ಪಿ. 115ಕ್ಕಿಂತ ಕೆಳಗೆ ಬಂದರೆ ಮೊದಲು ಹೋಗುವುದು ಮೂತ್ರವರ್ಧಕ. ಹೊಸ ಚೀಟಿ ಬರೆದ ದಿನ ಹಳೆಯ ಸ್ಟ್ರಿಪ್‌ಗಳನ್ನು ತಂದು ಒಪ್ಪಿಸಬೇಕು, ಮಾತ್ರೆ ಡಬ್ಬಿ ತುಂಬುವವರು ಜೊತೆಗೆ ಬರಬೇಕು. ವಾಂತಿ ಭೇದಿಯ ದಿನ ಯಾವ ಮಾತ್ರೆ ತಡೆಹಿಡಿಯಬೇಕೆಂಬ ಸಣ್ಣ ಕಾರ್ಡ್ ಪರ್ಸ್‌ನಲ್ಲಿರಬೇಕು. ಅದರ ಹಿಂಬದಿಯಲ್ಲಿ ಇನ್ನೊಂದು ಸಾಲು: ಅರಿವಳಿಕೆ ಕೊಡುವ ಯಾವುದೇ ಪರೀಕ್ಷೆ, ಆಪರೇಷನ್‌ಗೆ ಮುನ್ನ ವಾರದ ಇಂಜೆಕ್ಷನ್ ವಿಷಯ ಹೇಳಿ, ಹೊಟ್ಟೆ ಖಾಲಿಯಾಗಿರದೆ ಇರಬಹುದು.

ಆಕೆಯ ಪಟ್ಟಿಯಲ್ಲಿ ಈಗ ನಾಲ್ಕೇ ಔಷಧ: ಮೆಟ್‌ಫಾರ್ಮಿನ್, ಎಂಪಾಗ್ಲಿಫ್ಲೋಝಿನ್, ಕ್ಯಾಂಡೆಸಾರ್ಟನ್ 8 ಮಿ.ಗ್ರಾಂ, ಸೆಮಾಗ್ಲುಟೈಡ್. ಮುಂದಿನ ತಿಂಗಳಿಂದ 1.7ರ ಬದಲು 1.0 ಮಿ.ಗ್ರಾಂನಲ್ಲಿ ತೂಕ ನಿಲ್ಲುತ್ತದೆಯೇ ಎಂದು ನೋಡುವ ಒಪ್ಪಂದವಾಗಿದೆ. ಪ್ರತಿ ಸೋಮವಾರ ಬೆಳಿಗ್ಗೆ ತೂಕ. ಸತತ ಎರಡು ಸೋಮವಾರ 86 ದಾಟಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಫೋನ್ ಮಾಡಬೇಕು, ಡೋಸ್ ಹಿಂದಕ್ಕೆ 1.7.